ಲೈನ್ ಕಡಿದಾಗ ಶಿವಮೊಗ್ಗ, ಸಾಗರ ಎರಡೂ ಸರ್ವರ್ ಪ್ರೈಮರಿ ಆಗಿಬಿಟ್ಟವು, ಈಗ ಏನು ಮಾಡಲಿ?

ಪ್ರಶ್ನೆ

ನಮ್ಮದು ಅಡಿಕೆ ಮಂಡಿ. ಮುಖ್ಯ ಕಚೇರಿ ಶಿವಮೊಗ್ಗ, ಶಾಖೆ ಸಾಗರ. ಬಿಲ್ಲಿಂಗ್ ಎಲ್ಲ ಪೋಸ್ಟ್‌ಗ್ರೆಸ್ 15 ಅನ್ನುವ ಡೇಟಾಬೇಸ್‌ನಲ್ಲಿ ನಡೆಯುತ್ತದೆ. ಪ್ರೈಮರಿ, ಅಂದರೆ ಬಿಲ್ ಬರೆಯುವ ಮುಖ್ಯ ಸರ್ವರ್, ಶಿವಮೊಗ್ಗದಲ್ಲಿ; ಅದರ ನಕಲು ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ ಸಾಗರದಲ್ಲಿ. ಬದಲಾವಣೆಗಳನ್ನು ಆಗಿಂದಾಗಲೇ ಸಾಗರಕ್ಕೆ ಕಳಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ ಒಂದು ವರ್ಷದಿಂದ ಚೆನ್ನಾಗಿಯೇ ಇತ್ತು. ಮಳೆಗಾಲದಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ ಅಂತ ಸಾಗರದ ಸರ್ವರ್‌ನಲ್ಲಿ ನಾನೇ ಒಂದು ಸ್ಕ್ರಿಪ್ಟ್ ಹಾಕಿದ್ದೆ. ಶಿವಮೊಗ್ಗಕ್ಕೆ ಹತ್ತು ಸಲ ಪಿಂಗ್ ಮಾಡುತ್ತದೆ, ಉತ್ತರ ಬರದಿದ್ದರೆ ಸಾಗರವನ್ನು ಪ್ರೈಮರಿ ಮಾಡುತ್ತದೆ.

ಗುರುವಾರ ಮಧ್ಯಾಹ್ನ ಆನಂದಪುರದ ಹತ್ತಿರ ಮರ ಬಿದ್ದು ಕೇಬಲ್ ತುಂಡಾಯಿತು. ಶಿವಮೊಗ್ಗದ ಸರ್ವರ್‌ಗೆ ಏನೂ ಆಗಿರಲಿಲ್ಲ. ಆದರೂ ಸ್ಕ್ರಿಪ್ಟ್ ತನ್ನ ಕೆಲಸ ಮಾಡಿತು. ಎರಡೂವರೆ ಗಂಟೆ ಎರಡೂ ಕಡೆ ಬಿಲ್ ಹೊಡೆದಿದ್ದಾರೆ. ಶಿವಮೊಗ್ಗದಲ್ಲಿ 18,413ರಿಂದ 18,508ರವರೆಗೆ. ಸಾಗರದಲ್ಲಿ 18,441ರಿಂದ 18,477ರವರೆಗೆ. ಅಂದರೆ 18,441ನೇ ನಂಬರ್‌ಗೆ ಈಗ ಎರಡು ಬಿಲ್ ಇವೆ. ಒಂದು ಶಿವಮೊಗ್ಗದ ರಾಶಿ ಅಡಿಕೆಯದು, ಇನ್ನೊಂದು ಸಾಗರದ ಬೆಟ್ಟೆ ಅಡಿಕೆಯದು. ಎರಡೂ ಕಾಗದ ಬೆಳೆಗಾರರ ಕೈಯಲ್ಲಿವೆ. ಸಾಗರದಲ್ಲಿ ನಂಬರ್ 18,413ರ ಬದಲು 18,441ಕ್ಕೆ ಯಾಕೆ ಹಾರಿತು ಅನ್ನುವುದೂ ಗೊತ್ತಾಗುತ್ತಿಲ್ಲ.

ಈಗ ಲೈನ್ ಬಂದಿದೆ. ಪಿಜಿ ರಿವೈಂಡ್ ಅನ್ನುವ ಟೂಲ್ ಓಡಿಸಿದರೆ ಸರಿ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಓಡಿಸಲೇ?

ಉತ್ತರ

ದಯವಿಟ್ಟು ಈಗಲೇ ಓಡಿಸಬೇಡಿ. ಪಿಜಿ ರಿವೈಂಡ್ ಎರಡು ಕಡೆಯ ಡೇಟಾವನ್ನು ಸೇರಿಸುವುದಿಲ್ಲ. ಒಂದು ಕಡೆಯದನ್ನು ಅಳಿಸಿ ಇನ್ನೊಂದರ ಹಾಗೆ ಮಾಡುತ್ತದೆ. ಸಾಗರದ ಮೇಲೆ ಓಡಿಸಿದರೆ ಆ 37 ಬಿಲ್ ಹೋದ ಹಾಗೆಯೇ.

ಮೊದಲು ಸಾಗರದ ಅಪ್ಲಿಕೇಶನ್ ನಿಲ್ಲಿಸಿ. ಆಮೇಲೆ ಪೋಸ್ಟ್‌ಗ್ರೆಸ್ ನಿಲ್ಲಿಸಿ ಇಡೀ ಡೇಟಾ ಡೈರೆಕ್ಟರಿಯನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆ ಡಿಸ್ಕ್ ಕೈಗೆ ಬರುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ.

ನಂಬರ್ ಹಾರಿದ್ದಕ್ಕೆ ಕಾರಣ ಇದೆ. ಬಿಲ್ ನಂಬರ್ ಕೊಡುವ ಸೀಕ್ವೆನ್ಸ್‌ನ ಪ್ರತಿ ನಂಬರನ್ನೂ ಪೋಸ್ಟ್‌ಗ್ರೆಸ್ ವಾಲ್‌ನಲ್ಲಿ, ಅಂದರೆ ಬದಲಾವಣೆಗಳ ದಾಖಲೆ ಫೈಲ್‌ನಲ್ಲಿ, ಬರೆಯುವುದಿಲ್ಲ. 32 ನಂಬರ್ ಮುಂದಕ್ಕೆ ಒಟ್ಟಿಗೆ ಬರೆದಿಡುತ್ತದೆ. ಸ್ಟ್ಯಾಂಡ್‌ಬೈಗೆ ಕಾಣುವುದು ಆ ಮುಂದಿನ ನಂಬರ್ ಮಾತ್ರ. ಅದಕ್ಕೇ ಸಾಗರ 18,440 ಆಗಿಹೋಗಿದೆ ಅಂದುಕೊಂಡು 18,441ರಿಂದ ಶುರು ಮಾಡಿತು. ಅದು ತಪ್ಪಲ್ಲ, ಸ್ಟ್ಯಾಂಡ್‌ಬೈ ಪ್ರೊಮೋಟ್ ಆದಾಗ, ಅಂದರೆ ಪ್ರೈಮರಿ ಆದಾಗ, ಹಾಗೇ ಆಗುತ್ತದೆ.

ಸಾಗರದ ಪಿಜಿ ವಾಲ್ ಫೋಲ್ಡರ್‌ನಲ್ಲಿ 00000002.ಹಿಸ್ಟರಿ ಅನ್ನುವ ಸಣ್ಣ ಫೈಲ್ ಇರುತ್ತದೆ. ಅದು ಮೊದಲನೇ ಸಲ ಪ್ರೊಮೋಟ್ ಆಗಿದ್ದರೆ ಇದೇ ಹೆಸರು. ತೆರೆದು ನೋಡಿ. ಡೇಟಾದ ಇತಿಹಾಸದ ಸರಣಿ, ಅಂದರೆ ಟೈಮ್‌ಲೈನ್, ಒಂದರಿಂದ ಎರಡಕ್ಕೆ ಯಾವ ಜಾಗದಲ್ಲಿ ಕವಲೊಡೆಯಿತು ಅಂತ ಒಂದೇ ಸಾಲಿನಲ್ಲಿ ಇದೆ. ಅಲ್ಲಿಂದ ಆಚೆ ಸಾಗರದಲ್ಲಿ ಆಗಿದ್ದೆಲ್ಲ ಶಿವಮೊಗ್ಗಕ್ಕೆ ಗೊತ್ತಿಲ್ಲದ್ದು. ವಾಲ್ ಓದುವ ಪಿಜಿ ವಾಲ್‌ಡಂಪ್ ಟೂಲ್‌ನಲ್ಲಿ ಆ ಜಾಗದಿಂದ ಮುಂದೆ ಸೇವ್ ಆದ ವ್ಯವಹಾರಗಳ (ಕಮಿಟ್) ಸಮಯ ಸಿಗುತ್ತದೆ. ಆ ಸಮಯ ಇಟ್ಟುಕೊಂಡು ಬಿಲ್, ಮುಂಗಡ, ತೂಕದ ಚೀಟಿ ಟೇಬಲ್‌ಗಳಿಂದ ಸಾಲುಗಳನ್ನು ಹೊರತೆಗೆಯಿರಿ.

ಬುಡ ಶಿವಮೊಗ್ಗದ್ದೇ ಇರಲಿ, ಅಲ್ಲಿ 96 ಬಿಲ್ ಆಗಿವೆ. ಸಾಗರದ 37ನ್ನು ಅಪ್ಲಿಕೇಶನ್ ಮೂಲಕವೇ ಮತ್ತೆ ಎಂಟ್ರಿ ಮಾಡಿಸಿ. ನೇರವಾಗಿ ಟೇಬಲ್‌ಗೆ ತುರುಕಿದರೆ ಬೆಳೆಗಾರರ ಖಾತೆಯ ಬಾಕಿ ತಪ್ಪುತ್ತದೆ. ಯಾಕೆಂದರೆ ಬಾಕಿಯ ಸಾಲನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿರುತ್ತಾರೆ. ಹೊಸ ನಂಬರ್ ಬರಲಿ, ಷರಾದಲ್ಲಿ ಹಳೆಯ ನಂಬರ್ ಬರೆಯಿಸಿ. ಬೆಳೆಗಾರರು ನಾಳೆ ಹಳೆಯ ಕಾಗದ ಹಿಡಿದೇ ಬರುತ್ತಾರೆ, ಅಲ್ವಾ?

ಇದೆಲ್ಲ ಮುಗಿದ ಮೇಲೆ ಸಾಗರಕ್ಕೆ ಹೊಸದಾಗಿ ಬೇಸ್ ಬ್ಯಾಕಪ್, ಅಂದರೆ ಶಿವಮೊಗ್ಗದ ಪೂರ್ತಿ ನಕಲು, ಹಾಕಿ. ನಿಮ್ಮಂಥ ಡೇಟಾಬೇಸ್‌ಗೆ ರಿವೈಂಡ್‌ಗಿಂತ ಅದು ನೆಮ್ಮದಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು ಸರ್. ಕಾಪಿ ತೆಗೆದಿಟ್ಟೆ. ಹಿಸ್ಟರಿ ಫೈಲ್ ಸಿಕ್ಕಿತು, ನೀವು ಹೇಳಿದ ಹಾಗೆ ಒಂದೇ ಸಾಲು. ಇವತ್ತು 22 ಬಿಲ್ ಎಂಟ್ರಿ ಆಯಿತು.

ಇನ್ನು ಮುಂದಕ್ಕೆ ಏನು ಮಾಡಲಿ? ಸ್ಕ್ರಿಪ್ಟ್ ತೆಗೆದು, ಪ್ರೈಮರಿ ಯಾರು ಅಂತ ನೋಡಿಕೊಳ್ಳುವ ಪ್ಯಾಟ್ರೋನಿ, ಅದು ಆ ಮಾಹಿತಿ ಇಡುವ, ಓಟಿನ ಮೇಲೆ ನಡೆಯುವ ಎಟ್‌ಸಿಡಿ ಹಾಕಬೇಕು ಅಂತಿದ್ದೇನೆ. ಎರಡು ಊರಿಗೆ ಎರಡು ಎಟ್‌ಸಿಡಿ ಸಾಕಾ?

ಉತ್ತರ

ಎರಡು ಸಾಲುವುದಿಲ್ಲ. ಸಾಗರದಲ್ಲಿ ಕೂತು ನೋಡಿದರೆ ಶಿವಮೊಗ್ಗದ ಸರ್ವರ್ ಸತ್ತದ್ದೂ ಒಂದೇ, ನಡುವಿನ ಲೈನ್ ಕಡಿದದ್ದೂ ಒಂದೇ. ಎರಡಕ್ಕೂ ಪಿಂಗ್ ಬರುವುದಿಲ್ಲ. ಒಂದೇ ಮೆಷಿನ್ ಎಷ್ಟೇ ಸಲ ಪಿಂಗ್ ಮಾಡಿದರೂ ಆ ವ್ಯತ್ಯಾಸ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ಬಹುಮತ ಬೇಕು. ಎರಡು ಓಟಿನಲ್ಲಿ ಬಹುಮತ ಅಂದರೆ ಎರಡೂ ಬೇಕು, ಒಂದು ಹೋದರೆ ಎಲ್ಲ ನಿಂತಿತು. ಮೂರು ಇದ್ದರೆ ಎರಡು ಸಾಕು.

ಪ್ಯಾಟ್ರೋನಿಯಲ್ಲಿ ಪ್ರೈಮರಿ ತಾನೇ ಮುಖ್ಯ ಅನ್ನುವ ಗುರುತನ್ನು (ಲೀಡರ್ ಕೀ) ಎಟ್‌ಸಿಡಿಯಲ್ಲಿ ಆಗಾಗ ನವೀಕರಿಸುತ್ತಾ ಇರಬೇಕು. ಅದರ ಆಯಸ್ಸು ಟಿಟಿಎಲ್, ಮೊದಲಿಗೆ ಇರುವುದು 30 ಸೆಕೆಂಡ್. ನವೀಕರಿಸಲು ಆಗದಿದ್ದರೆ ಪ್ರೈಮರಿ ತಾನೇ ಕೆಳಗಿಳಿದು ಓದಲು ಮಾತ್ರ ಕೊಡುತ್ತದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದು ಇದೇ. ಅದು ಹೊಸಬನನ್ನು ಮೇಲೆ ಕೂರಿಸಿತು, ಹಳಬನನ್ನು ಇಳಿಸಲಿಲ್ಲ.

ಆದರೆ ಇದನ್ನು ಎರಡು ಊರಿನ ನಡುವೆ ಹಾಕಿದರೆ ಇನ್ನೊಂದು ಕಷ್ಟ ಇದೆ. ಮೂರನೇ ಓಟು ತೀರ್ಥಹಳ್ಳಿಯಲ್ಲೋ ಬೆಂಗಳೂರಿನಲ್ಲೋ ಇಟ್ಟಿರಿ ಅನ್ನಿ. ಶಿವಮೊಗ್ಗದ ಇಂಟರ್ನೆಟ್ ಮಾತ್ರ ಹೋಯಿತು. ಆಗ ಶಿವಮೊಗ್ಗದ ಸರ್ವರ್ ಗಟ್ಟಿಮುಟ್ಟಾಗಿ ಇದ್ದರೂ ಕೆಳಗಿಳಿಯುತ್ತದೆ. ಮಂಡಿಯಲ್ಲಿ ಅಷ್ಟೂ ಜನ ಮೂಟೆ ಇಟ್ಟುಕೊಂಡು ಕಾಯುತ್ತಿರುವಾಗ ಕೌಂಟರ್ ನಿಲ್ಲುತ್ತದೆ. ಮಲೆನಾಡಿನ ಮಳೆಯಲ್ಲಿ ಹೆಚ್ಚು ಸಲ ಹೋಗುವುದು ಲೈನು, ಸರ್ವರ್ ಅಲ್ಲ. ಹಾಗಾಗಿ ಲೈನ್ ನಂಬಿಕೊಂಡು ಸ್ವಯಂಚಾಲಿತ ಫೇಲ್‌ಓವರ್, ಅಂದರೆ ಪ್ರೈಮರಿ ಕೆಲಸ ಇನ್ನೊಂದು ಸರ್ವರ್‌ಗೆ ತಾನಾಗಿ ಹೋಗುವ ವ್ಯವಸ್ಥೆ, ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಶಿವಮೊಗ್ಗದಲ್ಲೇ ಎರಡು ಪೋಸ್ಟ್‌ಗ್ರೆಸ್ ಮೆಷಿನ್, ಜೊತೆಗೆ ಎಟ್‌ಸಿಡಿಗಷ್ಟೇ ಮೂರನೆಯದೊಂದು ಸಣ್ಣ ಮೆಷಿನ್. ಫೇಲ್‌ಓವರ್ ಈ ಕಟ್ಟಡದ ಒಳಗೆ ಮಾತ್ರ. ಒಂದೇ ಜಾಗದಲ್ಲಿ ಇರುವುದರಿಂದ ಎರಡೂ ಮೆಷಿನ್‌ನಲ್ಲಿ ಬರೆದ ಮೇಲೇ ಬಿಲ್ ಸೇವ್ ಆಗುವ ಸಿಂಕ್ರೋನಸ್ ಮೋಡ್ ಆನ್ ಮಾಡಬಹುದು, ಕೊನೆಯ ಬಿಲ್ ಕೂಡ ಕಳೆಯುವುದಿಲ್ಲ. ಸಾಗರದ್ದು ಪ್ರೈಮರಿ ಕಾಯಬೇಕಿಲ್ಲದ ಅಸಿಂಕ್ರೋನಸ್ ಕಾಪಿಯಾಗಿ ಇರಲಿ. ಅದಕ್ಕೆ ನೋಫೇಲ್‌ಓವರ್ ಟ್ಯಾಗ್ ಟ್ರೂ ಅಂತ ಹಾಕಿ, ಯಾವತ್ತೂ ತಾನಾಗಿ ಪ್ರೈಮರಿ ಆಗುವುದಿಲ್ಲ. ಕಟ್ಟಡಕ್ಕೇ ಏನಾದರೂ ಆದರೆ ಮನುಷ್ಯರು ಫೋನ್ ಮಾಡಿ, ಖಚಿತ ಮಾಡಿಕೊಂಡು, ಕೈಯಾರೆ ಪ್ರೊಮೋಟ್ ಮಾಡಲಿ. ಲೈನ್ ಇಲ್ಲದ ಹೊತ್ತಿಗೆ ಸಾಗರದಲ್ಲಿ ಬೇರೆ ಸಾಲಿನ ನಂಬರ್ ಇರುವ ಬಿಲ್ ಪುಸ್ತಕ ಇಡಿ.

ಇನ್ನೊಬ್ಬರು

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಮೂರೂ ಮೆಷಿನ್ ಒಂದೇ ಯುಪಿಎಸ್, ಒಂದೇ ಸ್ವಿಚ್‌ನಲ್ಲಿ ಇದ್ದರೆ ಅದು ಮೂರು ಓಟಲ್ಲ, ಒಂದೇ ಓಟು. ಬೇರೆ ಬೇರೆ ಮಾಡಿ.

ಸಾಗರಕ್ಕೆ ಖಾಯಂ ರೆಪ್ಲಿಕೇಶನ್ ಸ್ಲಾಟ್ ಕೊಡುವುದಾದರೆ ಡಿಸ್ಕ್ ಮೇಲೆ ಕಣ್ಣಿಡಿ. ಸಾಗರ ಓದಿ ಮುಗಿಸುವವರೆಗೆ ಪ್ರೈಮರಿ ವಾಲ್ ಫೈಲ್‌ಗಳನ್ನು ಬಿಡುವುದಿಲ್ಲ. ನಮ್ಮಲ್ಲಿ ಹೊಸನಗರದ ಕಡೆಯ ಲೈನ್ ಒಂದು ವಾರ ಬರಲಿಲ್ಲ. ಡಿಸ್ಕ್ ತುಂಬಿ ಪ್ರೈಮರಿಯೇ ನಿಂತುಹೋಯಿತು. ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಅಂತ ಒಂದು ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 13ರಿಂದ ಇದೆ. ಮೊದಲಿಗೆ ಅದು ಮೈನಸ್ 1, ಅಂದರೆ ಮಿತಿಯೇ ಇಲ್ಲ. ನಿಮ್ಮ ಡಿಸ್ಕ್ ನೋಡಿಕೊಂಡು ಮಿತಿ ಹಾಕಿ. ಮಿತಿ ದಾಟಿದರೆ ಸಾಗರಕ್ಕೆ ಮತ್ತೆ ಬೇಸ್ ಬ್ಯಾಕಪ್ ಬೇಕಾಗಬಹುದು, ಆದರೆ ಮಂಡಿ ನಡೆಯುತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆಯೇ ಕಟ್ಟಿದೆ. ಎಟ್‌ಸಿಡಿಯ ಸಣ್ಣ ಮೆಷಿನ್ ಗೋದಾಮಿನ ಪಕ್ಕದ ಕೋಣೆಯಲ್ಲಿ ಬೇರೆ ಯುಪಿಎಸ್ ಮೇಲಿದೆ.

ಭಾನುವಾರ ಮಂಡಿ ರಜೆ ಇದ್ದಾಗ ಪ್ರೈಮರಿಯ ಪವರ್ ಕೇಬಲ್ ಕಿತ್ತು ನೋಡಿದೆ. ಎರಡನೇ ಮೆಷಿನ್ 38 ಸೆಕೆಂಡಿಗೆ ಪ್ರೈಮರಿ ಆಯಿತು. ಆದರೆ ಕೇಬಲ್ ಮತ್ತೆ ಹಾಕಿ ಹಳೆಯದು ಸ್ಟ್ಯಾಂಡ್‌ಬೈ ಆಗಿ ಎದ್ದ ಕೂಡಲೇ ಒಂದು ಬಿಲ್ ಸೇವ್ ಆಗುತ್ತದೆ, ಇನ್ನೊಂದು ಆಗುವುದಿಲ್ಲ. ರೀಡ್ ಓನ್ಲಿ ಟ್ರಾನ್ಸಾಕ್ಷನ್ ಅಂತ ಎರರ್. ಅಪ್ಲಿಕೇಶನ್ ಕನೆಕ್ಷನ್‌ಗಳನ್ನು ಮೆಷಿನ್‌ಗಳಿಗೆ ಕಳಿಸುವ ಎಚ್‌ಎ ಪ್ರಾಕ್ಸಿಯಲ್ಲಿ ಏನೋ ತಪ್ಪಿದೆ ಅನ್ನಿಸುತ್ತದೆ.

ಉತ್ತರ

ಮೆಷಿನ್ ಸರಿ ಇದೆಯಾ ಅಂತ ಪ್ರಾಕ್ಸಿ ನೋಡುವ ಹೆಲ್ತ್ ಚೆಕ್ ಅನ್ನು ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗೆ ಇಟ್ಟಿದ್ದೀರಿ ಅನ್ನಿಸುತ್ತದೆ. ಸ್ಟ್ಯಾಂಡ್‌ಬೈ ಕೂಡ ಆ ಪೋರ್ಟ್‌ನಲ್ಲಿ ಉತ್ತರ ಕೊಡುತ್ತದೆ, ಹಾಗಾಗಿ ಪ್ರಾಕ್ಸಿ ಎರಡಕ್ಕೂ ಹಂಚುತ್ತಿದೆ. ಚೆಕ್ ಮಾತ್ರ ಪ್ಯಾಟ್ರೋನಿಯ 8008 ಪೋರ್ಟ್‌ಗೆ, ಪ್ರೈಮರಿ ಅನ್ನುವ ವಿಳಾಸಕ್ಕೆ ಹೋಗಲಿ. ಅಲ್ಲಿ ಪ್ರೈಮರಿ ಮಾತ್ರ 200 (ಸರಿ ಇದೆ) ಕೊಡುತ್ತದೆ, ಸ್ಟ್ಯಾಂಡ್‌ಬೈ 503 (ಸೇವೆ ಇಲ್ಲ) ಕೊಡುತ್ತದೆ. ಮೆಷಿನ್ ಡೌನ್ ಅಂತ ಗುರುತಾದಾಗ ಅದರ ಹಳೆಯ ಸೆಷನ್‌ಗಳನ್ನು ಮುಚ್ಚುವ ಸೆಟ್ಟಿಂಗ್ ಕೂಡ ಹಾಕಿ. ಇಲ್ಲದಿದ್ದರೆ ಅಪ್ಲಿಕೇಶನ್ ಹಳೆಯ ಕನೆಕ್ಷನ್ ಹಿಡಿದುಕೊಂಡು ಸುಮ್ನೆ ಕೂತಿರುತ್ತದೆ.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು ಸರ್, 5432 ಇತ್ತು. ಬದಲಿಸಿ ನಾಲ್ಕು ಸಲ ಕೇಬಲ್ ಕಿತ್ತೆ. ನಾಲ್ಕೂ ಸಲ ಒಂದು ನಿಮಿಷದೊಳಗೆ ಬಿಲ್ ಶುರುವಾಯಿತು. ಆಮೇಲೆ ಸಾಗರದ ಲೈನ್ ಕಿತ್ತೆ. ಶಿವಮೊಗ್ಗದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಸಾಗರದ ಸರ್ವರ್ ಓದುವುದಕ್ಕಷ್ಟೇ ನಿಂತಿತ್ತು. ಅಲ್ಲಿನ ಹುಡುಗ ಬಿಲ್ ಪುಸ್ತಕ ತೆಗೆದು ಸಾ-1ರಿಂದ ಬರೆಯಲು ಶುರು ಮಾಡಿದ.

ಹಳೆಯ 37ರಲ್ಲಿ 35 ತಾಳೆಯಾಗಿವೆ. ಉಳಿದ ಎರಡರಲ್ಲಿ ಮುಂಗಡದ ಮೊತ್ತ ನಮ್ಮ ಚೀಟಿಗೂ ಡೇಟಾಬೇಸ್‌ಗೂ ಹೊಂದುತ್ತಿಲ್ಲ. ಬುಧವಾರ ಬೆಳಿಗ್ಗೆ ಬಸ್‌ಗೆ ಸಾಗರಕ್ಕೆ ಹೋಗಿ, ಬೆಳೆಗಾರರ ಹತ್ತಿರ ಇರುವ ಕಾಗದ ಎದುರಿಗೆ ಇಟ್ಟುಕೊಂಡು ಸರಿ ಮಾಡಿ ಬರುತ್ತೇನೆ.