ಪದಚರ್ಚೆ: ಗ್ರಂಥಾಲಯದ ‘ಸಿಸ್ಟಮ್ಸ್ ಮ್ಯಾನೇಜರ್’ ಕನ್ನಡದಲ್ಲಿ ಯಾರು?

ಬಾಗಲಕೋಟೆಯಿಂದ ಪ್ರಶ್ನೆ:

ಕಾಲೇಜು ಗ್ರಂಥಾಲಯವೊಂದರ ಹುದ್ದೆಗಳ ಪಟ್ಟಿ ಕನ್ನಡದಲ್ಲಿ ಆಗಬೇಕಿದೆ. ‘ಲೈಬ್ರರಿ ಸಿಸ್ಟಮ್ಸ್ ಮ್ಯಾನೇಜರ್’ಗೆ ಕರಡಿನಲ್ಲಿ ‘ಗ್ರಂಥಾಲಯ ವ್ಯವಸ್ಥಾಪಕ’ ಎಂದಿದೆ. ಓದಿದವರು ಮುಖ್ಯ ಗ್ರಂಥಪಾಲಕರೇ ಇರಬೇಕು ಎಂದುಕೊಳ್ಳುತ್ತಾರೆ. ‘ಗಣಕ ನಿರ್ವಾಹಕ’ ಆದೀತೆ?

ಬೆಳಗಾವಿಯಿಂದ ಉತ್ತರ:

ಕರಡಿನಲ್ಲಿ ‘ಸಿಸ್ಟಮ್’ ಬಿಟ್ಟೇ ಹೋಗಿದೆ, ಎಡವಟ್ಟು ಅಲ್ಲಿಯದು. ಸೇರಿಸೋಣವೆಂದರೆ ‘ವ್ಯವಸ್ಥೆ ವ್ಯವಸ್ಥಾಪಕ’ ಎಂದು ನಾಲಿಗೆ ತೊಡರುತ್ತದೆ. ‘ನಿರ್ವಾಹಕ’ ಅರ್ಥದಲ್ಲಿ ತಪ್ಪಲ್ಲ, ಆದರೆ ಬಸ್ ಹತ್ತುವ ಮಂದಿಗೆ ನಿರ್ವಾಹಕ ಎಂದರೆ ಟಿಕೆಟ್ ಕೊಡುವವರೇ. ‘ಗಣಕ’ಕ್ಕೆ ಲೆಕ್ಕಿಗ ಎನ್ನುವ ಹಳೆಯ ಅರ್ಥ ಉಂಟು, ಅದೀಗ ಯಾರನ್ನೂ ಕಾಡದು. ಕಾಡುವುದು ಇದು: ‘ಗಣಕ’ ಎಂದೊಡನೆ ಪ್ರಿಂಟರ್ ಕೆಟ್ಟಾಗ ಕೂಗಬೇಕಾದವರು ಎಂದಾಗುತ್ತದೆ. ಈ ಹುದ್ದೆಯ ತಿರುಳು ಯಂತ್ರವಲ್ಲ, ಕ್ಯಾಟಲಾಗ್.

ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪಾದ ಪುಸ್ತಕಪಟ್ಟಿಯನ್ನು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಹಾಗೇ ಸುರಿದರೆ ಏನಾಗುತ್ತದೆ ನೋಡಿ. ಆ ಫಾಂಟಿನ ‘ಕ’ ಕಣ್ಣಿಗಷ್ಟೇ ‘ಕ’. ಒಳಗೆ ಕೂತಿರುವುದು ರೋಮನ್ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’. ಪುಸ್ತಕದ ವಿವರಗಳನ್ನು ಸಂಖ್ಯೆಯಿರುವ ಕ್ಷೇತ್ರಗಳಲ್ಲಿ ಇಡುವ ಮಾರ್ಕ್ ದಾಖಲೆಯಲ್ಲಿ ಶೀರ್ಷಿಕೆಯ ಜಾಗವಾದ 245ನೇ ಕ್ಷೇತ್ರದಲ್ಲಿ ಆ ಕಲಸುಮೇಲೋಗರವೇ ಉಳಿಯುತ್ತದೆ. ಪುಸ್ತಕ ಕಪಾಟಿನಲ್ಲಿದ್ದರೂ ಹುಡುಕಿದವರಿಗೆ ಸಿಗದು. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಆಮೇಲೆ ಅರ್ಕಾವತ್ತು ಇರುವ ಶೀರ್ಷಿಕೆಗಳನ್ನು ಒಂದೊಂದಾಗಿ ನೋಡಬೇಕು: ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ’ ಅಕ್ಷರಕ್ಕಿಂತ ಮೊದಲು ನಿಲ್ಲುತ್ತದೆ. ಪರಿವರ್ತನೆ ಎಡವುವುದು ಇಲ್ಲಿಯೇ. ಆಮದು ಕೊನೆಗೆ.

ಯೂನಿಕೋಡ್ ಆದಮೇಲೂ ಕಾಟ ಮುಗಿಯದು. ‘ರಾಜ್‌ಕುಮಾರ್’ ಎಂದು ಬಿಡಿಸಿ ಕಾಣಿಸಲು ನಡುವೆ ಕಣ್ಣಿಗೆ ಬೀಳದ ಚಿಹ್ನೆಯೊಂದು ಇರುತ್ತದೆ. ಅದನ್ನು ಬಿಟ್ಟು ‘ರಾಜ್ಕುಮಾರ್’ ಎಂದು ಹುಡುಕಿದರೆ ಯಂತ್ರಕ್ಕದು ಬೇರೆಯೇ ಪದ. ಕೋಹಾದಲ್ಲಿ ಹುಡುಕಾಟ ನಡೆಸುವ ಜೀಬ್ರಾದ ಇಂಡೆಕ್ಸನ್ನು, ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ಐಸಿಯು ವಿಧಾನಕ್ಕೆ ಬದಲಿಸಿ, ಚಿಹ್ನೆಯನ್ನು ಕಿತ್ತುಹಾಕುವ ನಿಯಮ ಸೇರಿಸಿ, ಇಂಡೆಕ್ಸನ್ನು ಪೂರ್ತಿ ಮತ್ತೆ ಕಟ್ಟಬೇಕು. ಕಟ್ಟುವುದನ್ನು ಮರೆತರೆ ಹಳೆಯ ದಾಖಲೆಗಳಿಗೆ ನಿಯಮ ತಗಲುವುದೇ ಇಲ್ಲ.

ಕನ್ನಡ, ಮರಾಠಿ ಪುಸ್ತಕಗಳು ಒಟ್ಟಿಗಿರುವ ಬೆಳಗಾವಿಯಂಥ ಕಡೆ 008ನೇ ಕ್ಷೇತ್ರದ 35ರಿಂದ 37ನೇ ಸ್ಥಾನಗಳ ಮೇಲೂ ಕಣ್ಣಿರಬೇಕು. ಭಾಷೆಯ ಮೂರಕ್ಷರದ ಸಂಕೇತ ಅಲ್ಲಿರುತ್ತದೆ. ತಪ್ಪಿದರೆ ಮರಾಠಿ ಕಾದಂಬರಿ ಕನ್ನಡದ ಪಟ್ಟಿಗೆ ಬಂದು ಕೂರುತ್ತದೆ. ಬ್ಯಾಕಪ್, ಬಾರ್‌ಕೋಡ್, ಪಾಸ್‌ವರ್ಡ್ ಎಲ್ಲ ಕಚೇರಿಗಳಲ್ಲೂ ಇದ್ದದ್ದೇ. ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವ ಕೆಲಸವನ್ನು ಮಾತ್ರ ಹುದ್ದೆಯ ವಿವರದಲ್ಲಿ ಬರೆದೇಬಿಡಿ.

ಹೆಸರಿಗೆ ‘ಗ್ರಂಥಾಲಯ ತಂತ್ರಾಂಶ ಉಸ್ತುವಾರಿ’ ಎನ್ನಬಹುದು. ನಿರ್ವಾಹಕ, ನಿರ್ವಾಹಕಿ ಎಂಬ ಗೊಡವೆಯೂ ಇಲ್ಲ.

ಅಂದಹಾಗೆ ‘ಕೋಹಾ’ ನ್ಯೂಜಿಲೆಂಡಿನ ಮಾವೋರಿ ಮಾತು, ಕಾಣಿಕೆ ಎಂದರ್ಥ. ಅಲ್ಲಿನದೇ ಗ್ರಂಥಾಲಯಕ್ಕೆಂದು ತಯಾರಾಗಿ 2000ರಲ್ಲಿ ಬಳಕೆಗೆ ಬಂದ ತಂತ್ರಾಂಶ ಅದು.

ವಿಜಯಪುರದಿಂದ ಮರು ಉತ್ತರ:

‘ಉಸ್ತುವಾರಿ’ ಕೆಲಸದ ಹೆಸರು, ಮಾಡುವವರದಲ್ಲ. ‘ಉಸ್ತುವಾರಿ ಸಚಿವ’ ಅನ್ನೂದು ಅದಕ್ಕೇ. ‘ಗ್ರಂಥಪಾಲಕ’ದ ಜೋಡಿಗೆ ‘ತಂತ್ರಾಂಶಪಾಲಕ’ ಸರಿ ಹೊಂದುತ್ತದೆ. ನಮ್ಮ ಕಡೆ ಮಾತಿನಾಗ ‘ಕಾರಭಾರಿ’ ಇನ್ನೂ ಸಲೀಸು, ಆದರ ‘ಭಾಳ ಕಾರಭಾರ ಮಾಡ್ತಾನ’ ಅನ್ನೋ ಕೊಂಕು ಅದಕ್ಕ ಅಂಟಿಕೊಂಡೈತಿ. ನೋಟಿಸ್ ಬೋರ್ಡಿಗೆ ಬ್ಯಾಡ.