‘ಗರಿಷ್ಠ ಸ್ಥಾನ 10’ ಅಂದ್ರೆ ಮೇಲಕ್ಕಾ ಕೆಳಕ್ಕಾ?

ಎಲ್ರಿಗೂ ನಮಸ್ಕಾರ,

ಲಾಸ್ ವೇಗಸ್‌ನ ದಿ ಕಿಲ್ಲರ್ಸ್ ಬ್ಯಾಂಡಿನ ‘ಮಿಸ್ಟರ್ ಬ್ರೈಟ್‌ಸೈಡ್’ ಹಾಡಿನ ಬಗ್ಗೆ ಒಂದು ಬರಹ ಮಾಡ್ತಿದೀನಿ. ಹಾಡಿನ ಕತೆ ಸಲೀಸಾಗಿ ಬಂತು, ಚಾರ್ಟಿನ (ವಾರವಾರದ ಜನಪ್ರಿಯ ಹಾಡುಗಳ ಪಟ್ಟಿ) ಲೆಕ್ಕ ಬಂದ ಕಡೆ ಮಾತ್ರ ಪದಗಳು ಕೈಕೊಡ್ತಿವೆ.

‘ಸಿಂಗಲ್’ ಬಗ್ಗೆ ತಲೆ ಕೆಡಿಸ್ಕೊಂಡಿಲ್ಲ. ಹೋಟ್ಲಲ್ಲಿ ಸಿಂಗಲ್ ಅಂದ್ರೆ ಇಡ್ಲಿ, ಫೇಸ್‌ಬುಕ್ಕಲ್ಲಿ ಅಂದ್ರೆ ಮದ್ವೆ ಆಗದವ್ರು, ಹಾಡಿನ ಪಕ್ಕ ಇಟ್ರೆ ಹಾಡು ಅಂತ ಗೊತ್ತಾಗತ್ತೆ. ‘ಬಿಡಿಹಾಡು’ ಕೂಡ ಒಪ್ಪತ್ತೆ, ಇಡೀ ಆಲ್ಬಮ್ಮಿನ ಎದುರು ಬಿಡಿ.

ತೊಡಕಿರೋದು ‘ಪೀಕ್ ಪೊಸಿಷನ್’ನಲ್ಲಿ, ಅಂದ್ರೆ ಹಾಡು ಚಾರ್ಟಲ್ಲಿ ಮುಟ್ಟಿದ ಎಲ್ಲಕ್ಕಿಂತ ಮೇಲಿನ ಸ್ಥಾನ. ಈ ಹಾಡನ್ನ 2003ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಲಿಜರ್ಡ್ ಕಿಂಗ್ ಅನ್ನೋ ಸಣ್ಣ ಲೇಬಲ್ (ಹಾಡು ಬಿಡುಗಡೆ ಮಾಡೋ ಕಂಪನಿ) ಕೆಲವೇ ಪ್ರತಿ ಹಾಕಿ ಬಿಟ್ಟಿತ್ತು, ಯಾರೂ ಅಷ್ಟಾಗಿ ಗಮನಿಸ್ಲಿಲ್ಲ, 2004ರ ಮೇನಲ್ಲಿ ಮತ್ತೆ ಬಿಟ್ಟಾಗ ಅಲ್ಲಿನ ಚಾರ್ಟಲ್ಲಿ 10ನೇ ಸ್ಥಾನಕ್ಕೆ ಬಂತು, 2005ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಚಾರ್ಟಲ್ಲೂ 10ಕ್ಕೇ ನಿಂತಿತು. ಇದನ್ನ ‘ಗರಿಷ್ಠ ಸ್ಥಾನ 10’ ಅಂತ ಬರೀತಾರೆ. ಆದ್ರೆ ನಮ್ಗೆ ಗರಿಷ್ಠ ಅಂದ್ರೆ ಅಂಕಿ ದೊಡ್ಡದು, ಗರಿಷ್ಠ ತಾಪಮಾನ, ಗರಿಷ್ಠ ಚಿಲ್ಲರೆ ಬೆಲೆ ಇದ್ದಂಗೆ. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಹಾಡು ಮೇಲೆ. ಹೊಸಬ್ರು ಓದಿದ್ರೆ 1ರಿಂದ ಶುರುವಾಗಿ 10ಕ್ಕೆ ಜಾರಿತು ಅಂದ್ಕೋಬಹುದು.

ಕ್ರೀಡಾಪುಟದವ್ರು ಇದನ್ನ ಯಾವತ್ತೋ ಬಗೆಹರಿಸ್ಕೊಂಡಿದಾರೆ ನೋಡಿ. ಬ್ಯಾಡ್ಮಿಂಟನ್, ಟೆನಿಸ್ ಸುದ್ದೀಲಿ ‘ಜೀವನಶ್ರೇಷ್ಠ 10ನೇ ರ‍್ಯಾಂಕ್’ ಅಂತಾರೆ, ಗರಿಷ್ಠ ಅನ್ನಲ್ಲ. ಎಸ್ಸೆಸ್ಸೆಲ್ಸಿ, ಸಿಇಟಿ ಕಾಲದಿಂದ್ಲೂ ರ‍್ಯಾಂಕ್ ಅಂದ್ರೆ ಚಿಕ್ಕ ಅಂಕಿ ಒಳ್ಳೇದು ಅಂತ ನಮ್ ಜನಕ್ಕೆ ರಕ್ತದಲ್ಲೇ ಇದೆ. ಹಾಡಿಗೆ ‘ಜೀವನಶ್ರೇಷ್ಠ’ ಅಂದ್ರೆ ಸನ್ಮಾನಪತ್ರ ಓದ್ದಂಗೆ ಆಗತ್ತೆ ಅನ್ನೋದೊಂದೇ ಕಷ್ಟ.

ರೇಡಿಯೋ ಸಿಲೋನ್‌ನ ಹಿಂದಿ ಹಾಡುಗಳ ಕೌಂಟ್‌ಡೌನ್ ಬಿನಾಕಾ ಗೀತಮಾಲಾದಲ್ಲಿ ನಿರೂಪಕ ಅಮೀನ್ ಸಯಾನಿ ಸ್ಥಾನಕ್ಕೆ ‘ಪಾಯದಾನ್’ ಅಂತಿದ್ರು, ಅಂದ್ರೆ ಮೆಟ್ಟಿಲು. ಆದ್ರೆ ‘10ನೇ ಮೆಟ್ಟಿಲು’ ಅಂದ್ರೆ ನಾವು ಕೆಳಗಿಂದ ಎಣಿಸ್ತೀವಿ, ಮತ್ತದೇ ಗೋಳು. ಹಾಗಾಗಿ ನಾಮಪದದ ಗೊಡವೆ ಬಿಟ್ಟು ಕ್ರಿಯಾಪದದಲ್ಲೇ ಹೇಳೋದು ವಾಸಿ ಅನ್ಸತ್ತೆ: ‘10ನೇ ಸ್ಥಾನದ ತನಕ ಏರ್ತು, ಅದಕ್ಕಿಂತ ಮೇಲೆ ಹೋಗ್ಲಿಲ್ಲ’. ಪಟ್ಟಿ, ಟೇಬಲ್ ಮಾಡುವಾಗ ತಲೆಬರಹಕ್ಕೆ ‘ಅತ್ಯುತ್ತಮ ಸ್ಥಾನ’ ಹಾಕಿದ್ರೆ ನಡೆಯತ್ತಾ, ಹೇಳಿ.

ಇನ್ನೊಂದು. ಈ ಹಾಡು ಬ್ರಿಟನ್ನಿನ ಟಾಪ್ 100ರಲ್ಲಿ 400 ವಾರಕ್ಕೂ ಜಾಸ್ತಿ ಇದೆ, ಒಂದೇ ಸಮ ಅಲ್ಲ, ಬಂದು ಹೋಗಿ ಬಂದು ಹೋಗಿ. 2007ರಿಂದ ಅಂಗಡೀಲಿ ಡಿಸ್ಕ್ ಇಲ್ದಿದ್ರೂ ಬರೀ ಡೌನ್‌ಲೋಡ್ ಆಗಿದ್ರೂ ಲೆಕ್ಕಕ್ಕೆ ತಗೊಂಡ್ರು, 2014ರ ಜುಲೈಯಿಂದ ಸ್ಟ್ರೀಮಿಂಗೂ ಸೇರ್ತು, ಆಗ 100 ಸ್ಟ್ರೀಮಿಗೆ ಒಂದು ಮಾರಾಟ ಅನ್ನೋ ಲೆಕ್ಕ, ಜನ ಪಬ್ಬಲ್ಲಿ ಮದ್ವೇಲಿ ಹಾಕ್ತಾನೇ ಇದ್ರು ಹಳೇ ಹಾಡು ತಿರುಗ್ತಾನೇ ಇತ್ತು. ಕೊನೆಗೆ 2024ರ ಮೇನಲ್ಲಿ, ನಂಬರ್ ಒನ್ ಆಗದೇ ಇರೋ ಹಾಡುಗಳಲ್ಲೇ ಮಾರಾಟ, ಸ್ಟ್ರೀಮಿಂಗ್ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅಂತ ಅಲ್ಲಿನ ಅಫಿಶಿಯಲ್ ಚಾರ್ಟ್ಸ್ ಕಂಪನಿ ಹೇಳ್ತು, ಅಲ್ಲೀವರೆಗೆ ಆ ಜಾಗದಲ್ಲಿ ಓಯಸಿಸ್ ಬ್ಯಾಂಡಿನ ‘ವಂಡರ್‌ವಾಲ್’ ಇತ್ತು.

ಈ 400 ವಾರಕ್ಕೆ ಏನನ್ನೋದು? ‘ಓಡ್ತು’ ಅಂದ್ರೆ ಸಿನಿಮಾ ಥರ ಯಶಸ್ವಿ 25ನೇ ವಾರ, ಬಿಡುವಿಲ್ದೆ ಓಡಿದ್ದು ಅನ್ಸತ್ತೆ. ಚಾರ್ಟಿಗೆ ಮತ್ತೆ ಬರೋದನ್ನ ‘ಮರುಪ್ರವೇಶ’ ಅಂದ್ರೆ 2004ರ ‘ಮರುಬಿಡುಗಡೆ’ ಜೊತೆ ಕಲಸಿಹೋಗತ್ತೆ, ಎರಡೂ ಬೇರೆ ಬೇರೆ ಸಂಗತಿ. ನಾನು ‘ಬಿಟ್ಟು ಬಿಟ್ಟು ಒಟ್ಟು 400ಕ್ಕೂ ಜಾಸ್ತಿ ವಾರ’ ಅಂತ ಬರ್ದಿಟ್ಟಿದೀನಿ, ಉದ್ದ ಆಯ್ತು ಆದ್ರೆ ಸುಳ್ಳಿಲ್ಲ. ಆಕಾಶವಾಣಿ ಅಥ್ವಾ ಎಫ್‌ಎಂನಲ್ಲಿ ಕೌಂಟ್‌ಡೌನ್ ನಡೆಸಿದವ್ರು ಯಾರಾದ್ರೂ ಇದ್ರೆ, ಹೋಗಿ ವಾಪಸ್ ಬಂದ ಹಾಡಿಗೆ ಮೈಕಲ್ಲಿ ಏನಂತಿದ್ರಿ ಅಂತ ತಿಳಿಸಿ.