ಸಹಾಯ ಬೇಕು: ಬಿಸಿಲೆ ಕಡೆಯ ಒಳದಾರಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಾವು ಐದು ಜನ ಸ್ನೇಹಿತರು ಒಂದೇ ಕಾರಿನಲ್ಲಿ ಸಕಲೇಶಪುರದಿಂದ ಹೆತ್ತೂರು, ವಣಗೂರು ದಾಟಿ ಬಿಸಿಲೆಗೆ ಹೋಗುತ್ತಿದ್ದೇವೆ. ಅಲ್ಲಿ ನಿಂತು ಕುಮಾರ ಪರ್ವತವನ್ನು ಕಣ್ತುಂಬಾ ನೋಡಬೇಕೆಂದು ತುಂಬಾ ದಿನದ ಆಸೆ. ಸಂಜೆ ವಾಪಸ್ ಬರಲೇಬೇಕು.

ವಾಪಸ್ ಬರುವಾಗ ಬಂದ ದಾರಿಯನ್ನೇ ಹಿಡಿಯದೆ, ವಣಗೂರಿನಿಂದ ಶನಿವಾರಸಂತೆ ಕಡೆಗಿನ ಒಳದಾರಿ ನೋಡೋಣ ಅಂತ ಇದ್ದೇವೆ. ಇತ್ತೀಚೆಗೆ ಆ ಕಡೆ ಹೋದವರು ಯಾರಾದರೂ ಇದ್ದೀರಾ? ಸಣ್ಣ ಕಾರು ತಳ ತಾಗದೆ ಹೋಗುತ್ತಾ?

ಹೋದ ಸಲ ಮೊಬೈಲ್ ಮ್ಯಾಪ್ ನಂಬಿ ಒಂದು ಕಾಫಿ ತೋಟದ ಗೇಟಿನ ಮುಂದೆ ಸಿಕ್ಕಿಹಾಕಿಕೊಂಡೆವು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಬೇಲಿ. ತಿರುಗಿಸಲು ಜಾಗವಿಲ್ಲ. ಮಂಜು ಇಳಿದಿತ್ತು, ನೆಟ್‌ವರ್ಕ್ ಇರಲಿಲ್ಲ. ಸ್ನೇಹಿತೆ ಟಾರ್ಚ್ ಹಿಡಿದು ಹಿಂದೆ ಹಿಂದೆ ನಡೆದಳು, ನಾನು ಸುಮಾರು ಅರ್ಧ ಕಿಲೋಮೀಟರ್ ರಿವರ್ಸ್‌ನಲ್ಲೇ ಬಂದೆ. ಕೈ ನಡುಗುತ್ತಿತ್ತು.

ಅದು ಕಾಡಾನೆ ಓಡಾಡುವ ಜಾಗ ಅಲ್ವಾ, ಅದೇ ಜಾಸ್ತಿ ಚಿಂತೆ. ಕತ್ತಲಾಗುವ ಮೊದಲು ಎಲ್ಲಿಗೆ ತಲುಪಿದ್ದರೆ ಒಳ್ಳೆಯದು? ಸಕಲೇಶಪುರ ಬಿಟ್ಟ ಮೇಲೆ ಪೆಟ್ರೋಲ್, ಪಂಕ್ಚರ್ ಅಂಗಡಿ ಎಲ್ಲಿ ಸಿಗುತ್ತದೆ? ಆ ಭಾಗದ ಊರಿನವರು ಇದ್ದರೆ ದಯವಿಟ್ಟು ಹೇಳಿ. ಶನಿವಾರ ರಾತ್ರಿಯೊಳಗೆ ತಿಳಿಸಿದರೆ ದೊಡ್ಡ ಉಪಕಾರ.